ಆಯಿಗೆ, ಟೂಸಾನ್‌ನ ಹಿತ್ತಿಲಿನಿಂದ

ಟೂಸಾನ್, ಅರಿಜೋನಾ
ಏಪ್ರಿಲ್ 24

ಪ್ರೀತಿಯ ಆಯಿ, ಅಪ್ಪಯ್ಯ,

ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ, ಬಾವಿ ತಳ ಕಂಡಿತು, ಮಲ್ಲಿಗೆಗೆ ಪಾತ್ರೆ ತೊಳೆದ ನೀರೇ ಗತಿ ಅಂದೆಯಲ್ಲ ಆಯಿ, ಅವತ್ತಿಂದ ಅದೇ ತಲೆಯಲ್ಲಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 11 ಇಂಚು ಮಳೆ. ಶಿರಸಿಯಲ್ಲಿ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ನಲ್ಲಿಗೆ ಬರುವ ನೀರು ಕೊಲೊರಾಡೊ ನದಿಯದ್ದು. 500 ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ ಮರಳುಗಾಡು ದಾಟಿ ಬರುತ್ತದೆ. ಅಂಥ ನೀರನ್ನು ಹುಲ್ಲಿಗೆ ಬಿಡಲಿಕ್ಕೆ ಮನಸ್ಸು ಬರಲಿಲ್ಲ. ಮನೆ ಎದುರಿನ ಹುಲ್ಲುಹಾಸು ತೆಗೆಸಿಬಿಟ್ಟೆವು.

ಮೊದಲ ವರ್ಷ ಎಲ್ಲ ಹಾಳಾಯಿತು. ತೋಟ ಮಾಡಿಕೊಡುವವರೊಬ್ಬರು ನೆಲಕ್ಕೆ ಕಪ್ಪು ಪ್ಲಾಸ್ಟಿಕ್ ಹಾಸಿ, ಮೇಲೆ ಜಲ್ಲಿ ಸುರಿದು ಹೋದರು. ಮೇ ತಿಂಗಳಲ್ಲಿ ಆ ಜಲ್ಲಿ ಮೇಲೆ ಬರಿಗಾಲು ಇಡಲಿಕ್ಕಾಗುತ್ತಿರಲಿಲ್ಲ. ಆಸೆಪಟ್ಟು ನೆಟ್ಟ ಮಲ್ಲಿಗೆ ಹದಿನೈದು ದಿನದಲ್ಲಿ ಒಣಗಿತು. ಕಿತ್ತು ನೋಡಿದೆ. ಕೆಳಗೆ ನೀರೂ ಇಳಿದಿರಲಿಲ್ಲ, ಗಾಳಿಯೂ ಆಡಿರಲಿಲ್ಲ. ಅವತ್ತು ನಿಜವಾಗಲೂ ಅಳು ಬಂತು.

ಆಮೇಲೆ ಪ್ಲಾಸ್ಟಿಕ್ ಕಿತ್ತು ನಾವೇ ಅಗೆದೆವು. ಒಂದು ಮೊಳ ಹೋಗುವಷ್ಟರಲ್ಲಿ ಬಿಳಿ ಕಲ್ಲಿನಂಥ ಪದರ. ಸುಣ್ಣ ಸೇರಿ ಗಟ್ಟಿಯಾದ ಮಣ್ಣು ಅದು, ಇಲ್ಲಿಯವರು ಕಲೀಚಿ ಅನ್ನುತ್ತಾರೆ. ಗುಂಡಿಗೆ ನೀರು ತುಂಬಿಸಿಟ್ಟರೆ ಮರುದಿನ ಬೆಳಿಗ್ಗೆಯೂ ಹಾಗೇ ನಿಂತಿತ್ತು. ಹಾರೆ ಹಾಕಿ ಒಡೆದ ಮೇಲೆ ನೀರು ಇಳಿಯಲಿಕ್ಕೆ ಶುರುವಾಯಿತು. ಈಗ ಅಂಗಳದ ತುಂಬ ತಟ್ಟೆಯ ಹಾಗೆ ತಗ್ಗು ಮಾಡಿದ್ದೇವೆ. ಮನೆಯ ಮಾಡಿನಿಂದ ಇಳಿಯುವ ಮಳೆನೀರೆಲ್ಲ ಅಲ್ಲಿಗೇ ಬರುತ್ತದೆ. ಈ ಊರಿನವರಿಗೆ ಮಳೆನೀರಿನ ಬೆಲೆ ಗೊತ್ತು. ಹೊಸ ವ್ಯಾಪಾರದ ಕಟ್ಟಡಗಳು ತಮ್ಮ ಗಿಡಮರಕ್ಕೆ ಬೇಕಾದ ನೀರಿನಲ್ಲಿ ಅರ್ಧವನ್ನು ಮಳೆನೀರಿನಿಂದಲೇ ಕೊಡಬೇಕು ಅಂತ 2008ರಲ್ಲೇ ಕಾನೂನು ಮಾಡಿದ್ದಾರೆ.

ತಗ್ಗಿನ ಪಕ್ಕ ಪಾಲೊ ವೆರ್ಡೆ ಅಂತ ಒಂದು ಮರ ನೆಟ್ಟಿದ್ದೇನೆ ಆಯಿ. ನೀನು ನೋಡಬೇಕಿತ್ತು. ಕಾಂಡವೇ ಹಸಿರು, ಮುಟ್ಟಿದರೆ ನುಣ್ಣಗೆ. ಬರಗಾಲದಲ್ಲಿ ಎಲೆ ಉದುರಿಸಿ, ತೊಗಟೆಯಿಂದಲೇ ಆಹಾರ ಮಾಡಿಕೊಳ್ಳುತ್ತದೆ. ಈಗ ಮೈತುಂಬ ಹಳದಿ ಹೂವು. ಇನ್ನೊಂದು ಮೆಸ್ಕೀಟ್, ಬಯಲುಸೀಮೆಯ ಬಳ್ಳಾರಿ ಜಾಲಿಯ ದಾಯಾದಿ. ಬುಡಕ್ಕೆಲ್ಲ ಒಣಗಿದ ಎಲೆ, ಮರದ ಚೂರು ದಪ್ಪಗೆ ಹಾಸುತ್ತೇನೆ. ಸೊಪ್ಪಿನ ಬೆಟ್ಟದಿಂದ ದರಕು ತಂದು ತೋಟಕ್ಕೆ ಮುಚ್ಚುತ್ತಿದ್ದೆವಲ್ಲ, ಅದೇ ಕೆಲಸ. ದುಡ್ಡು ಕೊಟ್ಟು ಕಲಿಯಬೇಕಾದ್ದೇನೂ ಇರಲಿಲ್ಲ ಅಲ್ವಾ?

ಅಪ್ಪಯ್ಯಾ, ಇದು ನಿಮಗೆ. ನಮ್ಮ ತೋಟದಲ್ಲಿ ಬಸಿಗಾಲುವೆ ತೆಗೆದು ನೀರನ್ನು ಹೊರಗೆ ಹಾಕುತ್ತೇವೆ. ಅಡಿಕೆಗೆ ಅದು ಬೇಕೇ ಬೇಕು, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದರೆ ಮಾಡಿನ ನೀರನ್ನೂ ಹುಲ್ಲು ಬೆಳೆಯುವ ಬೇಣದ ನೀರನ್ನೂ ಅದೇ ದಾರಿಯಲ್ಲಿ ಹಳ್ಳಕ್ಕೆ ಯಾಕೆ ಬಿಡುವುದು? ಸಾವಿರ ಚದರ ಅಡಿ ಮಾಡಿನ ಮೇಲೆ ಒಂದೇ ಇಂಚು ಮಳೆ ಬಿದ್ದರೂ 2,300 ಲೀಟರ್ ಆಗುತ್ತದೆ. ಬಾವಿಯ ಮೇಲ್ಗಡೆ, ಬೇಣ ಸಪಾಟಾಗಿರುವಲ್ಲಿ ನಾಲ್ಕು ಇಂಗುಗುಂಡಿ ತೆಗೆಸಿ. ಮೃಗಶಿರ ಮಳೆ ಹಿಡಿಯುವ ಮೊದಲೇ ಆಗಬೇಕು. ಕಡಿದಾದ ಓರೆಯಲ್ಲಿ ಮಾತ್ರ ಬೇಡ. 2021ರಲ್ಲಿ ಕಳಚೆಯಲ್ಲಿ ಗುಡ್ಡ ಜಾರಿದ್ದು ನೆನೆದರೆ ಈಗಲೂ ಎದೆ ನಡುಗುತ್ತದೆ. ಆಳಿನ ಖರ್ಚು ನಾನು ಕಳಿಸುತ್ತೇನೆ, ಬೇಡ ಅನ್ನಬೇಡಿ.

ಆಯಿ, ಮಲ್ಲಿಗೆಗೆ ಸುಮ್ನೆ ಮೇಲಿಂದ ನೀರು ಹೊಯ್ಯಬೇಡ. ಅಟ್ಟದ ಮೇಲೆ ಹಳೇ ಮಣ್ಣಿನ ಗಡಿಗೆ ಇದೆಯಲ್ಲ, ಅದನ್ನು ಬುಡದಿಂದ ಒಂದು ಗೇಣು ದೂರ, ಕುತ್ತಿಗೆವರೆಗೆ ಹೂತಿಡು. ನೀರು ತುಂಬಿಸಿ ಮುಚ್ಚಳ ಹಾಕು. ಮಣ್ಣು ಒಣಗಿದ ಹಾಗೆ ಗಡಿಗೆ ತಾನಾಗಿಯೇ ಒಸರುತ್ತದೆ, ಬೇರು ಹುಡುಕಿಕೊಂಡು ಬರುತ್ತದೆ. ನನ್ನ ಎರಡನೇ ಮಲ್ಲಿಗೆ ಬದುಕಿದ್ದು ಹಾಗೇ. ನಿನ್ನೆ ಸಂಜೆ ಮೂರು ಮೊಗ್ಗು ಎಣಿಸಿದೆ.

ಬಾವಿಯಲ್ಲಿ ಈಗ ಎಷ್ಟು ಮೊಳ ನೀರಿದೆ? ಹಗ್ಗ ಇಳಿಸಿ ನೋಡಿ, ಭಾನುವಾರ ಫೋನಿನಲ್ಲಿ ಹೇಳಿ.

ನಿಮ್ಮ ಮಗಳು