ಊರು ಕಟ್ಟಿದವರ ಹೆಸರೂ ಅಚ್ಚಾಗಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ ಸೂಪರ್‌ಹೀರೊ ಚಿತ್ರಗಳ ವಿಮರ್ಶೆ ಬಂದಾಗಲೆಲ್ಲ ನಾಯಕ, ಖಳನಾಯಕ, ಸಾಹಸ, ಗ್ರಾಫಿಕ್ಸ್ ಎಲ್ಲದಕ್ಕೂ ಜಾಗ ಸಿಗುತ್ತದೆ. ಕಥೆ ನಡೆಯುವ ಊರಿನ ಲೆಕ್ಕ ಮಾತ್ರ ‘ಕಾಲ್ಪನಿಕ ನಗರವೊಂದರಲ್ಲಿ’ ಎಂಬಷ್ಟರಲ್ಲೇ ಚುಕ್ತಾ ಆಗಿಬಿಡುತ್ತದೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ನನಗೆ ಇದು ಬಹಳ ದಿನಗಳಿಂದ ಬೇಸರದ ವಿಷಯವಾಗಿದೆ. ಎಲ್ಲಿಯೂ ಇಲ್ಲದ ಊರನ್ನು ಇದೆಯೆನಿಸುವಂತೆ ಕಟ್ಟುವುದು ದೊಡ್ಡ ಕೆಲಸ, ಆ ಕೆಲಸ ಮಾಡಿದವರ ಹೆಸರು ಓದುಗರಿಗೆ ತಿಳಿಯಬೇಕು.

ಬ್ಯಾಟ್‌ಮ್ಯಾನ್ ಕಥೆಗಳ ಗಾಥಮ್ ನಗರವನ್ನೇ ನೋಡಿ. ಬ್ಯಾಟ್‌ಮ್ಯಾನ್ 1939ರಲ್ಲಿ ಕಾಮಿಕ್ ಪುಸ್ತಕಕ್ಕೆ ಬಂದಾಗ ಆ ಊರು ಇರಲೇ ಇಲ್ಲ. ಆರಂಭದ ಕಥೆಗಳು ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದವು. ಯಾವ ನಗರದ ಓದುಗನಿಗೂ ಇದು ತನ್ನದೇ ಊರು ಅನ್ನಿಸಲಿ ಎಂದು ಬಯಸಿದ ಕಥೆಗಾರ ಬಿಲ್ ಫಿಂಗರ್, ಟೆಲಿಫೋನ್ ಡೈರೆಕ್ಟರಿಯ ಪುಟಗಳನ್ನು ಮಗುಚುತ್ತಿದ್ದಾಗ ‘ಗಾಥಮ್ ಜ್ಯುವೆಲರ್ಸ್’ ಎಂಬ ಆಭರಣದಂಗಡಿಯ ಹೆಸರು ಕಣ್ಣಿಗೆ ಬಿದ್ದು, ಅದನ್ನೇ ಊರಿಗೆ ಇಟ್ಟರು. ಗಾಥಮ್ ಎಂಬುದು ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1807ರಲ್ಲಿಯೇ ನ್ಯೂಯಾರ್ಕಿಗೆ ಅಂಟಿಸಿದ್ದ ಅಡ್ಡಹೆಸರು. ಅದಕ್ಕೂ ಹಿಂದೆ ಇಂಗ್ಲೆಂಡಿನ ಹಾಸ್ಯಕಥೆಗಳಲ್ಲಿ ಪೆದ್ದರ ಊರೆಂದು ಹೆಸರಾಗಿದ್ದ ಹಳ್ಳಿ. ಇಷ್ಟೆಲ್ಲ ಇತಿಹಾಸವಿರುವ ಊರಿಗೆ ನಾಮಕರಣ ಮಾಡಿದ ಫಿಂಗರ್ ಅವರಿಗೆ ಸಂದ ಗೌರವವಾದರೂ ಏನು? ದಶಕಗಳ ಕಾಲ ಬ್ಯಾಟ್‌ಮ್ಯಾನ್ ಸೃಷ್ಟಿಕರ್ತರೆಂದು ಚಿತ್ರಕಾರ ಬಾಬ್ ಕೇನ್ ಒಬ್ಬರ ಹೆಸರೇ ಅಚ್ಚಾಗುತ್ತಿತ್ತು. ಫಿಂಗರ್ 1974ರಲ್ಲಿ ತೀರಿಕೊಂಡರು; ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಈ ನಲವತ್ತೊಂದು ವರ್ಷಗಳ ಅಂತರವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದೇ ಗಾಥಮ್ಮನ್ನು 1989ರ ‘ಬ್ಯಾಟ್‌ಮ್ಯಾನ್’ ಚಿತ್ರಕ್ಕಾಗಿ ಲಂಡನ್ ಸಮೀಪದ ಪೈನ್‌ವುಡ್ ಸ್ಟುಡಿಯೋದಲ್ಲಿ ಕಲಾ ನಿರ್ದೇಶಕ ಆಂಟನ್ ಫರ್ಸ್ಟ್ ಕಟ್ಟಿದರು. ಇಕ್ಕೆಲದ ಕಟ್ಟಡಗಳು ಬೀದಿಯನ್ನು ಒತ್ತರಿಸಿಕೊಂಡು ನಿಂತಿವೆ, ನಡುವೆ ಕಬ್ಬಿಣದ ತೊಲೆಗಳು, ಕೆಳಗೆ ಹಬೆ, ಎಲ್ಲಕ್ಕಿಂತ ಎತ್ತರದಲ್ಲಿ ಯಾರೂ ಪ್ರಾರ್ಥನೆಗೆ ಬಾರದ ಒಂದು ಪಾಳು ಚರ್ಚು. ಒಬ್ಬ ಪಾತ್ರಧಾರಿಯೂ ಬಾಯಿ ತೆರೆಯುವ ಮೊದಲೇ ಈ ಊರಿನ ಆಡಳಿತ ಕೊಳೆತಿದೆ ಎಂಬುದು ನೋಡುವವರಿಗೆ ಗೊತ್ತಾಗುತ್ತದೆ. ಇದಕ್ಕಾಗಿ ಫರ್ಸ್ಟ್ ಮತ್ತು ಸೆಟ್ ಅಲಂಕಾರ ಮಾಡಿದ ಪೀಟರ್ ಯಂಗ್ ಅವರಿಗೆ ಕಲಾ ನಿರ್ದೇಶನದ ಆಸ್ಕರ್ ಬಂತು. 2008ರ ‘ದ ಡಾರ್ಕ್ ನೈಟ್’ ಚಿತ್ರದಲ್ಲಿ ಷಿಕಾಗೋದ ನಿಜವಾದ ಬೀದಿಗಳೇ ಗಾಥಮ್ ಆದವು. ಆ ಊರು ಚೊಕ್ಕಟವಾಗಿದೆ, ಆದರೆ ನನಗಂತೂ ಫರ್ಸ್ಟ್ ಕಟ್ಟಿದ ಊರೇ ಹೆಚ್ಚು ಪ್ರಿಯ.

ಬ್ಲ್ಯಾಕ್ ಪ್ಯಾಂಥರ್ ಎಂಬ ಸೂಪರ್‌ಹೀರೊನ ನಾಡಾದ, ಆಫ್ರಿಕದ ಕಾಲ್ಪನಿಕ ದೇಶ ವಕಾಂಡಾ ಕಾಮಿಕ್ ಪುಟಗಳಲ್ಲಿ ಹುಟ್ಟಿದ್ದು 1966ರಲ್ಲಿ, ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರ ಕೈಯಲ್ಲಿ. 2018ರ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರಕ್ಕೆ ಅದನ್ನು ರೂಪಿಸಿದ ಹ್ಯಾನಾ ಬೀಚ್ಲರ್, ಆ ದೇಶದ ಇತಿಹಾಸ, ಬುಡಕಟ್ಟುಗಳು, ಕಟ್ಟಡಗಳನ್ನು ಕುರಿತು ಐನೂರಕ್ಕೂ ಹೆಚ್ಚು ಪುಟಗಳ ಕೈಪಿಡಿಯನ್ನೇ ಸಿದ್ಧಪಡಿಸಿದ್ದರು. ಅದರ ಫಲ ಮಾರುಕಟ್ಟೆಯ ಬೀದಿಯಲ್ಲಿ ಕಾಣುತ್ತದೆ. ಮೇಲೆ ಅತ್ಯಾಧುನಿಕ ರೈಲು ಓಡುತ್ತಿದ್ದರೂ ಜನ ನಡೆಯುವ ನೆಲ ಮಣ್ಣಿನದು. ಗಗನಚುಂಬಿಗಳ ನೆತ್ತಿಯ ಮೇಲೆ ಆಫ್ರಿಕದ ದುಂಡು ಗುಡಿಸಲುಗಳ ಚಾವಣಿಯಿದೆ. ಕಲಾ ನಿರ್ದೇಶನದ ವಿಭಾಗದಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪುವರ್ಣೀಯರು ಬೀಚ್ಲರ್. ಇದರ ಪಕ್ಕದಲ್ಲಿ, 2015ರಲ್ಲಿ ‘ಅವೆಂಜರ್ಸ್: ಏಜ್ ಆಫ್ ಅಲ್ಟ್ರಾನ್’ ಚಿತ್ರದಲ್ಲಿ ತೆರೆಗೆ ಬಂದ, ಪೂರ್ವ ಯುರೋಪಿನ ಸೊಕೋವಿಯಾ ಎಂಬ ಕಾಲ್ಪನಿಕ ದೇಶವನ್ನು ಇಟ್ಟು ನೋಡಬೇಕು. ಕೊನೆಯಲ್ಲಿ ಅದರ ನಗರವೊಂದು ನೆಲಸಮೇತ ಆಕಾಶಕ್ಕೆ ಏರಿ ಪುಡಿಯಾಗುತ್ತದೆ, ಆದರೆ ಅಲ್ಲಿನವರು ಏನು ತಿನ್ನುತ್ತಿದ್ದರು, ಯಾವ ಹಬ್ಬ ಮಾಡುತ್ತಿದ್ದರು ಎಂಬುದನ್ನು ಚಿತ್ರ ನಮಗೆ ತೋರಿಸಿರುವುದಿಲ್ಲವಾದ್ದರಿಂದ ಕರುಳು ಚುರುಕ್ ಎನ್ನುವುದಿಲ್ಲ. ಬೀಳಿಸಲೆಂದೇ ಕಟ್ಟಿದ ಊರು ಅದು. ವಿಮರ್ಶಕರು ಈ ವ್ಯತ್ಯಾಸವನ್ನು ಎತ್ತಿ ತೋರಿಸಬೇಕಿತ್ತು.

ಈ ಮಾತು ನಮಗೆ ದೂರದ್ದೂ ಅಲ್ಲ. ಆಗುಂಬೆಯನ್ನು ಮಾಲ್ಗುಡಿಯಾಗಿಸಿದವರು ಯಾರೆಂದು ಕೇಳಿದರೆ ಕನ್ನಡಿಗರೆಲ್ಲ ಶಂಕರ್‌ನಾಗ್ ಹೆಸರು ಹೇಳುತ್ತಾರೆ, ಅದು ನ್ಯಾಯವೇ. ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಹೆಸರನ್ನು ನೆನೆಯುವವರು ಕಡಿಮೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯಿಷ್ಟೆ: ವಿಮರ್ಶೆಯ ಪಕ್ಕದ ಚೌಕದಲ್ಲಿ ನಿರ್ಮಾಣ, ನಿರ್ದೇಶನ, ತಾರಾಗಣ ಎಂದು ಅಚ್ಚು ಹಾಕುತ್ತೀರಿ. ಅದೇ ಚೌಕದಲ್ಲಿ ‘ಕಲಾ ನಿರ್ದೇಶನ’ ಎಂಬ ಒಂದು ಸಾಲನ್ನು ಮುಂದಿನ ವಾರದಿಂದಲೇ ಸೇರಿಸಬೇಕು.

ಇಂತಿ,
ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ