ಡೀನ್ ಬಗ್ಗೆ ಬರೆಯುವ ಮುನ್ನ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಎವರ್ಟನ್ ಕ್ಲಬ್ಬಿನ ಹಳೆಯ ಕಾಲದ ಇಂಗ್ಲಿಷ್ ಫುಟ್‌ಬಾಲ್ ಆಟಗಾರ ಡಿಕ್ಸಿ ಡೀನ್ ಬಗ್ಗೆ ಬರೀತಿದ್ದೀಯಂತೆ, ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ಆದರೆ ‘ಒಂದೇ ಋತುವಿನಲ್ಲಿ 60 ಗೋಲು’ ಅಂತ ಲೇಖನ ಶುರುಮಾಡಬೇಡ. ಹಿನ್ನೆಲೆ ಹೇಳದೆ ಅಂಕಿ ಕೊಟ್ಟರೆ, ‘ಆಗ ಗೋಲು ಹೊಡೆಯೋದು ಸುಲಭ ಇತ್ತು ಬಿಡು’ ಅಂತ ಓದಿದವರು ತಳ್ಳಿಹಾಕುತ್ತಾರೆ.

ಮೊದಲು ಆಫ್‌ಸೈಡ್ ನಿಯಮ, ಅಂದರೆ ಎದುರಾಳಿ ಗೋಲಿನ ಹತ್ತಿರ ಮೊದಲೇ ಹೋಗಿ ಪಾಸಿಗೆ ಕಾಯಬಾರದು ಅನ್ನೋದನ್ನು ಬಿಡಿಸಿ ಹೇಳು. 1925ರ ಬೇಸಿಗೆಯವರೆಗೆ ಪಾಸ್ ಬರುವಾಗ ಮುನ್ಪಡೆಯವನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಿತ್ತು; ಆಮೇಲೆ ಇಬ್ಬರಿದ್ದರೆ ಸಾಕಾಯಿತು. ಗೋಲು ಹೊಡೆಯೋದು ಸುಲಭವಾಗಿ, ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಒಟ್ಟು ಗೋಲುಗಳು ಒಂದೇ ವರ್ಷದಲ್ಲಿ 4,700ರಿಂದ 6,373ಕ್ಕೆ ಏರಿದವು. ಮೈದಾನದ ನಡುವೆ ಆಡುತ್ತಿದ್ದ ಸೆಂಟರ್ ಹಾಫ್‌ನನ್ನು ಹಿಂದಕ್ಕೆಳೆದು ಕಾವಲಿಗೆ ನಿಲ್ಲಿಸುವ ಉಪಾಯ ಎಲ್ಲ ತಂಡಗಳಿಗೂ ರೂಢಿಯಾಗಲು ಸಮಯ ಹಿಡಿಯಿತು. ಡೀನ್‌ನ 1927-28ರ ಋತು ಬಿದ್ದದ್ದು ಆ ಸಂದಿಯಲ್ಲೇ. ಹಾಗಂತ ಅವನ ಸಾಧನೆ ಕಿರಿದಾಗುವುದಿಲ್ಲ. ಅದೇ ನಿಯಮದಡಿ ಇಂಗ್ಲೆಂಡಿನ ಎಲ್ಲ ಮುನ್ಪಡೆಯವರೂ ಆಡಿದರು. 1926ರಲ್ಲಿ ಮೋಟಾರ್ ಸೈಕಲ್ ಅಪಘಾತವಾಗಿ ಇವನ ತಲೆಬುರುಡೆ, ದವಡೆ ಎರಡೂ ಬಿರುಕುಬಿಟ್ಟಿದ್ದವು. ಅದೇ ತಲೆಯಿಂದ ಲೇಸು ಬಿಗಿದ ಚರ್ಮದ ಚೆಂಡನ್ನು ಗೋಲಿಗೆ ತಳ್ಳಿದ. ಮಳೆಯಲ್ಲಿ ನೀರು ಕುಡಿದರೆ ಆ ಚೆಂಡು ಇನ್ನೂ ಭಾರ.

ಕೊನೆಯ ಎರಡು ಪಂದ್ಯಗಳಿಗೆ ಜಾಗ ಕೊಡು. ಬರ್ನ್‌ಲಿಯಲ್ಲಿ ನಾಲ್ಕು ಹೊಡೆದಾಗ ಲೆಕ್ಕ 57. ಹಿಂದಿನ ವರ್ಷವಷ್ಟೇ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ 59 ಹೊಡೆದು ದಾಖಲೆ ಮಾಡಿದ್ದ. ಅದು ಒಂದು ದರ್ಜೆ ಕೆಳಗಿನ ಎರಡನೇ ಡಿವಿಷನ್ನಿನಲ್ಲಿ, ಇದನ್ನು ಬಿಡಬೇಡ. 1928ರ ಮೇ 5, ಗುಡಿಸನ್ ಪಾರ್ಕ್, ಎದುರಿಗೆ ಆರ್ಸೆನಲ್. ಮೊದಲು ಗೋಲು ಹೊಡೆದದ್ದು ಆರ್ಸೆನಲ್. ಡೀನ್ ಸಮ ಮಾಡಿದ, ಪೆನಾಲ್ಟಿಯಲ್ಲಿ ಇನ್ನೊಂದು. ಆಟ ಮುಗಿಯುತ್ತಾ ಬಂದಾಗ ಎಡಗಡೆಯಿಂದ ಅಲೆಕ್ ಟ್ರೂಪ್ ಕಾರ್ನರ್ ಎತ್ತಿದ, ಡೀನ್ ತಲೆಕೊಟ್ಟ: 60. ಪಂದ್ಯ 3-3. ಟ್ರೂಪ್‌ನ ಹೆಸರು ಬಿಟ್ಟರೆ ಅನ್ಯಾಯ; ಡೀನ್‌ನ ತಲೆಗೆ ಚೆಂಡು ಒದಗಿಸುತ್ತಿದ್ದ ಪುಟ್ಟ ಆಳು ಅವನು.

ಸಂಬಳದ ಮಾತೂ ಬರಲಿ. ಋತುವಿನಲ್ಲಿ ವಾರಕ್ಕೆ 8 ಪೌಂಡ್, ಬೇಸಿಗೆಯಲ್ಲಿ 6. ಯಾವ ಕ್ಲಬ್ಬೂ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. 1925ರಲ್ಲಿ ಎವರ್ಟನ್ ಅವನಿಗಾಗಿ 3,000 ಪೌಂಡ್ ತೆತ್ತಾಗ ಆ ಹಣ ಹೋದದ್ದು ಅವನ ಹಿಂದಿನ ಟ್ರಾನ್ಮಿಯರ್ ಕ್ಲಬ್ಬಿಗೆ. ಒಪ್ಪಂದದ ಅವಧಿ ಮುಗಿದರೂ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಅವರು ಬಿಡದೆ ಲೀಗಿನ ಇನ್ನೊಂದು ತಂಡಕ್ಕೆ ಹೋಗುವ ಹಾಗಿರಲಿಲ್ಲ. ಇದು ನನಗೆ ಇಂದಿಗೂ ಸಂಕಟ ತರುವ ವಿಷಯ.

ಎಲ್ಲರೂ ಎಡವುವ ಕಡೆ ನೀನು ಎಡವಬೇಡ. 60 ಗೋಲಿನ ವರ್ಷ ಅವನ ಬೆನ್ನ ಮೇಲೆ ಸೆಂಟರ್ ಫಾರ್ವರ್ಡ್‌ನ ಗುರುತಾದ 9ನೇ ಅಂಕಿ ಇರಲಿಲ್ಲ. ಅವನು ಅದನ್ನು ತೊಟ್ಟದ್ದು 1933ರ ಎಫ್.ಎ. ಕಪ್ (ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿ) ಫೈನಲಿನಲ್ಲಿ, ಆ ದಿನ ಎವರ್ಟನ್‌ಗೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿಗೆ 12ರಿಂದ 22. ಎವರ್ಟನ್ ಪರ ಲೀಗಿನಲ್ಲಿ ಹೊಡೆದ ಗೋಲು 349, ಕಪ್ ಪಂದ್ಯಗಳೂ ಸೇರಿದರೆ 383, ಎರಡನ್ನೂ ಕಲಸಬೇಡ. ‘ಡಿಕ್ಸಿ’ ಅನ್ನೋ ಅಡ್ಡಹೆಸರು ಅವನಿಗೆ ಹಿಡಿಸುತ್ತಿರಲಿಲ್ಲ, ‘ಬಿಲ್’ ಅಂದರೆ ಇಷ್ಟ. ತಲೆಬರಹ ಇಡುವಾಗ ಯೋಚಿಸು.

ಆ ಋತುವಿನ 42 ಪಂದ್ಯಗಳಲ್ಲಿ ಅವನು ಆಡಿದ್ದು 39. ಎಲ್ಲೆಲ್ಲಿ 60 ಬರೆಯುತ್ತೀಯೋ ಅಲ್ಲಿ ಪಕ್ಕದಲ್ಲೇ ಇದನ್ನೂ ಬರಿ. ಕರಡು ಮುಗಿದ ಮೇಲೆ ಕಳಿಸು, ಅಂಕಿಗಳನ್ನು ಒಮ್ಮೆ ನೋಡಿಕೊಡುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ