ಕುರಿ ಕಪ್ಪಗೇ ಇರಲಿ

ಪ್ರೀತಿಯ ಮಗಳೇ,

ಕುರಿ ಕಾಯುವ ಹುಡುಗಿಯ ಪುಸ್ತಕಕ್ಕೆ ನೀನು ಬರೆದ ಚಿತ್ರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಒಂದೊಂದನ್ನೂ ನೋಡಿದೆ. ಕುರಿಗಳನ್ನು ಹತ್ತಿಯ ಉಂಡೆಯಂತೆ ಬೆಳ್ಳಗೆ ಮಾಡಿ, ಬಯಲಿಗೆಲ್ಲ ಹಸಿರು ಹಚ್ಚಿ ಎಂದು ಪ್ರಕಾಶಕರು ಕೇಳಿದ್ದಾರೆ ಎಂದೆಯಲ್ಲ, ಅದಕ್ಕೆ ಒಪ್ಪಬೇಡ. ನಮ್ಮ ಚಳ್ಳಕೆರೆ ಸೀಮೆಯ ಕುರಿಗೆ ಜೋಲುಕಿವಿ, ಒರಟು ಉಣ್ಣೆ. ಹೆಚ್ಚಿನವು ಕಪ್ಪು, ಕೆಲವಕ್ಕೆ ಅಲ್ಲಲ್ಲಿ ಬಿಳಿ ಮಚ್ಚೆ. ಅವು ಮೇಯುವುದು ಶೇಂಗಾ ಕಿತ್ತ ಹೊಲದಲ್ಲಿ, ಜಾಲಿ ಬೆಳೆದ ಕೆಂಪು ನೆಲದಲ್ಲಿ. ಇಲ್ಲಿಯ ಮಗು ಪುಸ್ತಕ ತೆರೆದಾಗ ತನ್ನ ಹಟ್ಟಿಯ ಕುರಿಯನ್ನು ಗುರುತಿಸಬೇಡವೇ?

ನಿನ್ನ ಚಿತ್ರಗಳಲ್ಲಿ ಇಷ್ಟೊಂದು ಕಪ್ಪು ಏಕೆ ಎಂದು ಕೇಳುವವರನ್ನು ಒಮ್ಮೆ ನಮ್ಮ ಮಗ್ಗದ ಮನೆಗೆ ಕರೆದು ತಾ. ಕಂಬಳಿಗೆ ನಾವು ಬಣ್ಣ ಹಾಕುವುದಿಲ್ಲ. ಮರಿಯ ಮೊದಲ ಉಣ್ಣೆ ಅಚ್ಚ ಕಪ್ಪು. ಬಿಸಿಲು ತಿಂದ ಹಳೆಯ ಕುರಿಯದು ಕಂದು. ನಾನು ನೂಲುವಾಗ ನೀನು ಪಕ್ಕದಲ್ಲಿ ಕುಳಿತು ಇವನ್ನು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದೆ. ಅಪ್ಪ ಮಗ್ಗದಲ್ಲಿ ಉದ್ದಕ್ಕೆ ಎಳೆಯುವ ಹಾಸಿನ ನೂಲಿಗೆ ಹಚ್ಚಿ ಉಳಿಸಿದ ಹುಣಸೆ ಬೀಜದ ಗಂಜಿಗೆ ಮಸಿ ಕಲಸಿ ಗೋಡೆಯ ಮೇಲೆ ಬರೆದವಳೂ ನೀನೇ. ಕಾಗದದ ಮೇಲೆ ಬಣ್ಣ ಹಿಡಿದು ನಿಲ್ಲಲು ಈಗಲೂ ಅದೇ ಗಂಜಿಯನ್ನು ಬೆರೆಸುತ್ತೇನೆ ಎಂದು ನೀನು ಹೇಳಿದಾಗ ಅಪ್ಪನಿಗೆ ಹಿಗ್ಗೋ ಹಿಗ್ಗು. ದಾವಣಗೆರೆಯ ದೃಶ್ಯಕಲಾ ಕಾಲೇಜು ನಿನಗೆ ಬಹಳ ಕಲಿಸಿದೆ, ಆ ಋಣ ದೊಡ್ಡದು. ಆದರೆ ಕಪ್ಪಿನೊಳಗೆ ಕಪ್ಪು ಕಾಣುವ ಕಣ್ಣು ನಿನಗೆ ಮನೆಯಲ್ಲೇ ಬಂದದ್ದು.

ತೊಗಲುಗೊಂಬೆಯಾಟದವರು ಬಂದ ರಾತ್ರಿಗಳಲ್ಲಿ ನೀನು ಪರದೆಯ ಮುಂದೆ ಕೂರದೆ ಹಿಂದಕ್ಕೆ ಓಡುತ್ತಿದ್ದೆ. ಆಡಿನ ತೊಗಲನ್ನು ಹದಮಾಡಿ, ಬಣ್ಣ ಹಚ್ಚಿ, ಒಡವೆ ಇರುವಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ದೀಪದ ಬೆಳಕು ಹಾಯ್ದಾಗ ಪರದೆಯ ಮೇಲೆ ಒಡವೆಗಳಾಗಿ ಹೊಳೆಯುವ ಆ ತೂತುಗಳನ್ನು ಹತ್ತಿರದಿಂದ ಕಾಣಲು ನಿನಗೆ ಆಸೆ. ಆ ಗೊಂಬೆಗಳಲ್ಲಿ ರಾಜ ದೊಡ್ಡವನು, ಸೇವಕ ಚಿಕ್ಕವನು. ಅಂತಸ್ತಿಗೆ ತಕ್ಕ ಅಳತೆ. ನೀನು ಅದನ್ನು ತಲೆಕೆಳಗು ಮಾಡಿ ಕುರಿ ಕಾಯುವ ಹುಡುಗಿಯನ್ನು ಪುಟದ ತುಂಬ ನಿಲ್ಲಿಸಿ, ಗೌಡರನ್ನು ಮೂಲೆಯಲ್ಲಿ ಕೂರಿಸಿದ್ದೀಯ. ಇಡೀ ಪುಸ್ತಕದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಪುಟ ಅದು.

ಗೋಡೆಗಳ ಮೇಲೆ ಹಸೆ ಚಿತ್ತಾರ ಬಿಡಿಸಿ ಎಂದವರಿಗೆ ಒಲ್ಲೆ ಎಂದು ನೀನು ಕೊಟ್ಟ ಉತ್ತರವೂ ಸರಿ. ಅದು ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಕೈಕೆಲಸ. ಬೇಕಾದರೆ ಅವರನ್ನೇ ಕರೆಯಲಿ, ಅವರಿಗೇ ಹಣ ಕೊಡಲಿ. ಹಳ್ಳಿ ಎಂದರೆ ಎಲ್ಲವೂ ಒಂದೇ ಎಂದು ಪೇಟೆಯವರು ತಿಳಿದರೆ ನಾವೂ ಹಾಗೆಯೇ ತಿಳಿಯಬೇಕೇ?

ಹಣದ ಮಾತನ್ನು ಆಡಲು ನಾಚಬೇಡ. ನಿನ್ನ ಅಜ್ಜ ಸಂತೆಯಲ್ಲಿ ಬೆಲೆ ಕುದುರದೆ ಒಂದು ಕಂಬಳಿಯನ್ನೂ ಕೈಬಿಟ್ಟವರಲ್ಲ. ಕೃತಿಸ್ವಾಮ್ಯದ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಎಂದು ನಮೂದಿಸದಿದ್ದರೆ 1957ರ ಕಾಯ್ದೆಯಂತೆ 5 ವರ್ಷಕ್ಕೆ ಎಂದೇ ಲೆಕ್ಕ ಎಂದು ನೀನೇ ನನಗೆ ವಿವರಿಸಿದ್ದೆ. ಹಾಗಿದ್ದರೂ ಅವಧಿಯನ್ನು ಕಾಗದದಲ್ಲಿ ಬರೆಸಿಕೊಂಡೇ ಸಹಿ ಮಾಡು. ಚಿತ್ರಗಳ ತಿದ್ದುಪಡಿಗೆ ಬೇರೆ ಹಣ ಕೇಳು.

ಪುಸ್ತಕ ಅಚ್ಚಾದ ಮೇಲೆ ಎರಡು ಪ್ರತಿ ತೆಗೆದುಕೊಂಡು ಬಾ. ಒಂದು ಅಪ್ಪನಿಗೆ. ಇನ್ನೊಂದನ್ನು ನಮ್ಮೂರ ಶಾಲೆಗೆ ನೀನೇ ಹೋಗಿ ಕೊಡಬೇಕು, ಮೇಷ್ಟರಿಗೆ ಆಗಲೇ ಹೇಳಿಟ್ಟಿದ್ದೇನೆ.

ನಿನ್ನ
ಅವ್ವ